ಸರಕಿನ ಗಾಡಿ: ಯಾವುದು ಏಕೆ ಹೆಸರಾಯಿತು?



ಹೋದ ಮುಂಗಾರಿನಲ್ಲಿ ನಮ್ಮ ಬ್ಲಾಕಿನ ಯಜಮಾನರೊಬ್ಬರ ಗಾಡಿ ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ಊರಾಚೆಯ ಮೋರಿಯ ಬಳಿ ಮುರಿದು ನಿಂತಿತು. ಮುರಿದದ್ದು ಹಿಂದಿನ ಅಚ್ಚು. ಗಾಡಿಯ ಮೇಲೆ ೭೦ ಬಾಕ್ಸು ಟೊಮೆಟೊ ಇತ್ತು. ಮಳೆ ಬೇರೆ ಹಿಡಿದಿತ್ತು. ಬಾಡಿಗೆಗೆ ಇನ್ನೊಂದು ಗಾಡಿ ಹುಡುಕಿ, ಬಾಕ್ಸುಗಳನ್ನು ಇಳಿಸಿ ಏರಿಸಿ, ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿತ್ತು. ಉಳಿದ ಮಾಲನ್ನು ಕೇಳಿದ ಬೆಲೆಗೆ ಕೊಟ್ಟು ಬರಬೇಕಾಯಿತು. ಮರುವಾರ ನಾನು ಅವರ ಮನೆಯ ಜಗಲಿಯ ಮೇಲೆ ಕೂತಿದ್ದಾಗ ಅವರು ಹೇಳಿದರು: “ಸಾರ್, ಈ ಕಂಪನಿ ಗಾಡಿಯೇ ಸರಿಯಿಲ್ಲ. ಇದನ್ನ ಮಾರಿ ಬೇರೆ ಕಂಪನೀದು ತಗೊಳ್ತೀನಿ. ಈಗ ಯಾವುದು ಜಾಸ್ತಿ ಓಡ್ತಾ ಇದೆ, ಅದನ್ನ ಹೇಳಿ.”

ನಾನು ಕೂಡಲೇ ಉತ್ತರ ಕೊಡಲಿಲ್ಲ. ಏಕೆಂದರೆ ಆ ಗಾಡಿಯ ಸಾಲದ ಅರ್ಜಿಯನ್ನು ತುಂಬಿಕೊಟ್ಟವನು ನಾನೇ. ಪಹಣಿ ಕೇಳಿದ್ದೆ, ಬ್ಯಾಂಕಿನ ಪುಸ್ತಕ ಕೇಳಿದ್ದೆ, ಫೋಟೊ ಕೇಳಿದ್ದೆ, “ಒಂದು ಸಲಕ್ಕೆ ಎಷ್ಟು ಬಾಕ್ಸು ಹೇರುತ್ತೀರಿ ಯಜಮಾನರೆ?” ಎಂದು ಮಾತ್ರ ಕೇಳಿರಲಿಲ್ಲ. ಅಂದು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಇಂದು ನಿಮ್ಮೆಲ್ಲರ ಮುಂದೆ ಇಟ್ಟು ಈ ಪಾಠವನ್ನು ಬರೆಯುತ್ತಿದ್ದೇನೆ.

“ಯಾವುದು ಜಾಸ್ತಿ ಓಡುತ್ತಿದೆ?” ಎಂಬ ಪ್ರಶ್ನೆ ತಪ್ಪೇನಲ್ಲ. ನಾಲ್ಕು ಜನ ಕೊಂಡ ಗಾಡಿಯ ಬಿಡಿಭಾಗ ಹೋಬಳಿಯ ಅಂಗಡಿಯಲ್ಲೇ ಸಿಗುತ್ತದೆ, ಅದನ್ನು ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಹತ್ತಿರದಲ್ಲೇ ಇರುತ್ತಾನೆ, ಮಾರುವಾಗ ಕೇಳುವವರೂ ಇರುತ್ತಾರೆ. ಆದರೆ ಒಂದು ಗಾಡಿ ಯಾವ ಕೆಲಸಕ್ಕೆ ಹೆಸರಾಯಿತು, ಏಕೆ ಹೆಸರಾಯಿತು ಎಂಬುದನ್ನು ಅರಿಯದೆ ಬರೀ ಹೆಸರನ್ನು ಹಿಡಿದು ಹೋದರೆ ಹಲ್ಲು ನೋಡದೆ ಎತ್ತು ಕೊಂಡಂತೆ ಆಗುತ್ತದೆ. ಆದುದರಿಂದ ಮೊದಲು ನಮ್ಮ ಕಣ್ಣ ಮುಂದೆ ಓಡಾಡುವ ಗಾಡಿಗಳ ಕಥೆಯನ್ನು ತಿಳಿದುಕೊಳ್ಳೋಣ.

ಹೆಸರೇ ಮಾತಾದ ಗಾಡಿಗಳು

ನಮ್ಮಲ್ಲಿ ಯಾವ ಕಂಪನಿಯ ಸರಕು ಗಾಡಿ ಬಂದರೂ ಹಿರಿಯರು “ಟೆಂಪೊ ಬಂತು” ಎನ್ನುವುದುಂಟು. ಟೆಂಪೊ ಎಂಬುದು ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಒಂದು ಕಂಪನಿಯ ಗಾಡಿಯ ಹೆಸರು. ಆ ಕಂಪನಿ ೧೯೨೦ರ ದಶಕದಲ್ಲಿ ಹುಟ್ಟಿ ಮೂರು ಚಕ್ರದ ಅಗ್ಗದ ಸರಕು ಗಾಡಿಗಳನ್ನು ಮಾಡುತ್ತಿತ್ತು. ಪುಣೆಯ ಬಜಾಜ್ ಟೆಂಪೊ ಕಂಪನಿ ೧೯೫೦ರ ದಶಕದ ಕೊನೆಯಲ್ಲಿ ಅವರಿಂದ ಪರವಾನಗಿ ಪಡೆದು ಆ ಮೂರು ಚಕ್ರದ ಗಾಡಿಯನ್ನು ನಮ್ಮ ದೇಶದಲ್ಲಿ ತಯಾರಿಸತೊಡಗಿತು. ಅದಾದ ಮೇಲೆ ೧೯೬೦ರ ದಶಕದ ಕೊನೆಗೆ ನಾಲ್ಕು ಚಕ್ರದ ಮೆಟಡೋರ್ ಬಂದಿತು. ಅದೂ ಜರ್ಮನಿಯ ಹೆಸರೇ. ಮೆಟಡೋರ್ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು, ಆದರೂ ನಮ್ಮ ಸಂತೆಗಳಲ್ಲಿ “ಮೆಟಡೋರ್ ಬಾಡಿಗೆ ಎಷ್ಟು?” ಎಂದು ಕೇಳುವವರು ಇನ್ನೂ ಇದ್ದಾರೆ. ಮದುವೆ ದಿಬ್ಬಣಕ್ಕೂ ಧರ್ಮಸ್ಥಳದ ಯಾತ್ರೆಗೂ ಹೋಗುವ ಟಿ.ಟಿ., ಅಂದರೆ ಟೆಂಪೊ ಟ್ರಾವೆಲರ್, ಅದೇ ಮನೆಯ ಕೂಸು. ಇದರ ಮೂಲ ರೂಪ ಜರ್ಮನಿಯ ಮರ್ಸಿಡಿಸ್ ವ್ಯಾನು. ಕಂಪನಿ ೨೦೦೫ರಲ್ಲಿ ತನ್ನ ಹೆಸರನ್ನು ಫೋರ್ಸ್ ಮೋಟರ್ಸ್ ಎಂದು ಬದಲಾಯಿಸಿಕೊಂಡಿತು. ಊರಿನವರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ.

ಇನ್ನು ಮಾರುತಿ ವ್ಯಾನು. ೧೯೮೪ರಲ್ಲಿ ಬಂದು ಮುಂದೆ ಓಮ್ನಿ ಎಂಬ ಹೆಸರು ಪಡೆದ ಈ ಪುಟ್ಟ ಗಾಡಿ ಹಾಲು, ಬ್ರೆಡ್ಡು, ಔಷಧಿ, ಮೊಟ್ಟೆ ಹಂಚುವವರ ಕೈಹಿಡಿಯಿತು. ಪಕ್ಕಕ್ಕೆ ಜಾರುವ ಬಾಗಿಲು ಇಕ್ಕಟ್ಟಾದ ಬೀದಿಗೆ ಅನುಕೂಲ. ಎಂಜಿನ್ನು ಮುಂದಿನ ಸೀಟಿನ ಕೆಳಗೆ ಇದ್ದುದರಿಂದ ಹಿಂದೆ ಜಾಗ ಹೆಚ್ಚು. ಅದೇ ಕಾರಣಕ್ಕೆ ಮುಂದೆ ಕೂತವರ ಕಾಲಿಗೆ ರಕ್ಷಣೆ ಕಡಿಮೆ. ಅಪಘಾತ ಸುರಕ್ಷತೆಯ ಹೊಸ ನಿಯಮಗಳು ಬಂದಾಗ ೨೦೧೯ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಬೇಕಾಯಿತು. ಈಗ ಆ ಕೆಲಸವನ್ನು ಈಕೊ ಮಾಡುತ್ತಿದೆ. ಮುಚ್ಚಿದ ಗಾಡಿಯಲ್ಲಿ, ಮಳೆಗೆ ನೆನೆಯದಂತೆ, ಸ್ವಲ್ಪ ಸರಕನ್ನು ಹತ್ತಾರು ಅಂಗಡಿಗೆ ಇಳಿಸುತ್ತ ಹೋಗುವವರಿಗೆ ಅದು ಸರಿ. ನಮ್ಮ ಸ್ತ್ರೀಶಕ್ತಿ ಸಂಘದವರು ರೊಟ್ಟಿ, ಚಟ್ನಿಪುಡಿ ಹಂಚಲು ಕೇಳಿದರೆ ನಾನು ಅದನ್ನೇ ನೋಡಿ ಎನ್ನುತ್ತೇನೆ. ಟೊಮೆಟೊ ಬೆಳೆಗಾರರಿಗೆ ಅದು ಹೊಂದದು.

ಮೂರು ಚಕ್ರದ ಆಪೆ ಇಟಲಿಯಿಂದ ಬಂದದ್ದು. ಇಟಲಿಯ ಮಾತಿನಲ್ಲಿ ಆಪೆ ಎಂದರೆ ಜೇನುಹುಳು. ೧೯೪೮ರಲ್ಲಿ, ಯುದ್ಧದಿಂದ ಬಡವಾದ ಆ ದೇಶದಲ್ಲಿ, ಸ್ಕೂಟರಿಗೆ ತೊಟ್ಟಿ ಕಟ್ಟಿದಂತೆ ಅದನ್ನು ಮಾಡಿದರು. ಇಂದಿಗೂ ಹೋಬಳಿಯಿಂದ ಹಳ್ಳಿಗೆ ಗೊಬ್ಬರದ ಹತ್ತು ಮೂಟೆ ತರಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಹೇರು ಹೆಚ್ಚಾಗಿ ತಿರುವಿನಲ್ಲಿ ವೇಗವೂ ಹೆಚ್ಚಿದರೆ ಮೂರು ಚಕ್ರದ ಗಾಡಿ ಮಗುಚುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅದು ನಿಲ್ಲಲಾರದು.

ಈ ಕೊರತೆಯನ್ನು ಕಂಡೇ ಟಾಟಾ ಕಂಪನಿಯವರು ೨೦೦೫ರಲ್ಲಿ ಏಸ್ ಎಂಬ ಗಾಡಿಯನ್ನು ತಂದರು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಗಿರೀಶ್ ವಾಘ್ ಎಂಬ ಎಂಜಿನಿಯರು. ನಕ್ಷೆ ಬರೆಯುವ ಮೊದಲು ಅವರ ತಂಡದವರು ಮೂರು ಚಕ್ರದ ಗಾಡಿ ಓಡಿಸುವವರನ್ನು ಊರೂರಿಗೆ ಹೋಗಿ ಮಾತನಾಡಿಸಿದರು. ನಾಲ್ಕು ಚಕ್ರದ ಗಾಡಿ ಇದ್ದರೆ ಹೆಣ್ಣು ಕೊಡುವವರು ಮುಂದೆ ಬರುತ್ತಾರೆ ಎಂದು ಒಬ್ಬ ಯುವಕ ಹೇಳಿದನಂತೆ. ನಗುವ ಮಾತಲ್ಲ ಇದು; ನಮ್ಮ ಹಳ್ಳಿಗಳಲ್ಲಿ ಎಷ್ಟೋ ಗಾಡಿಗಳ ಸಾಲ ಹುಟ್ಟುವುದು ಇಲ್ಲೇ. ಎರಡು ಸಿಲಿಂಡರಿನ, ೧೬ ಅಶ್ವಶಕ್ತಿಯ ಪುಟ್ಟ ಡೀಸೆಲ್ ಎಂಜಿನ್ನು, ೭೫೦ ಕಿಲೋ ಹೊರುವ ಶಕ್ತಿ, ಸುಮಾರು ಎರಡೂಕಾಲು ಲಕ್ಷ ರೂಪಾಯಿ ಬೆಲೆ. ಇಷ್ಟರಿಂದ ಅದು ದೇಶವನ್ನೆಲ್ಲ ಹಬ್ಬಿತು. ಹನ್ನೆರಡು ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಾಡಿ ಮಾರಾಟವಾದವು. ದೊಡ್ಡ ಲಾರಿ ಹೆದ್ದಾರಿಯಲ್ಲಿ ತಂದ ಸರಕನ್ನು ಪೇಟೆಯ ಒಳಬೀದಿಗೂ, ಹಳ್ಳಿಯ ಸರಕನ್ನು ಹೆದ್ದಾರಿಗೂ ಮುಟ್ಟಿಸುವ ನಡುವಣ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಮಾರುತಿಯವರ ಸೂಪರ್ ಕ್ಯಾರಿ, ಮಹೀಂದ್ರದವರ ಜೀತೊ ಮುಂತಾದವು ಬಂದದ್ದು ಅದರ ಬೆನ್ನ ಹಿಂದೆಯೇ.

ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಿಕಪ್ ಗಾಡಿಗಳು. ಇಲ್ಲಿ ಮಹೀಂದ್ರ ಬೊಲೆರೊ ಪಿಕಪ್ಪಿನದೇ ಮೇಲುಗೈ. ಕಾರಣ ದೊಡ್ಡದೇನಲ್ಲ. ಅದು ಜೀಪಿನ ವಂಶ. ಕೆಳಗೆ ಏಣಿಯಂಥ ಗಟ್ಟಿ ಚಾಸಿ, ಹಿಂದೆ ದಪ್ಪ ಪಟ್ಟಿಗಳು. ಮಾದರಿಗೆ ತಕ್ಕಂತೆ ೧,೩೦೦ ರಿಂದ ೧,೭೦೦ ಕಿಲೋವರೆಗೆ ಹೊರುತ್ತದೆ. ಬೊಲೆರೊ ಜೀಪನ್ನು ಬಲ್ಲ ಮೆಕ್ಯಾನಿಕ್ಕು ಇದನ್ನೂ ಬಲ್ಲ. ೨೦೧೧ರಲ್ಲಿ ಅಶೋಕ್ ಲೇಲ್ಯಾಂಡಿನವರು ಜಪಾನಿನ ನಿಸಾನ್ ಕಂಪನಿಯ ಜೊತೆಗೂಡಿ ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ದೋಸ್ತ್ ಎಂಬುದನ್ನು ತಯಾರಿಸಿದರು. ಅದು ಸುಮಾರು ಒಂದೂಕಾಲು ಟನ್ನಿನದು. ಚಿಕ್ಕದು ಸಾಲದು, ದೊಡ್ಡದು ಬೇಡ ಎನ್ನುವವರಿಗೆ ಅದು ಒಪ್ಪಿತವಾಯಿತು.

ದೂರದ ದೇಶದ ಮನೆಗಾಡಿಗಳು

ಇಲ್ಲಿ ಸ್ವಲ್ಪ ದೂರದ ಮಾತನ್ನು ತರುತ್ತೇನೆ, ತಾಳ್ಮೆಯಿಂದ ಓದಿರಿ. ಯುರೋಪಿನಲ್ಲಿ ಸರಕು ವ್ಯಾನುಗಳನ್ನೇ ಒಳಗೆ ಮನೆಯಂತೆ ಕಟ್ಟಿಸಿಕೊಂಡು ಊರೂರು ತಿರುಗುವ ಪದ್ಧತಿ ಉಂಟು. ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವೂ ಇರುತ್ತವೆ. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು ೧೯೫೦ರಲ್ಲಿ ಬಂದಿತು. ಮರುವರ್ಷವೇ ಅದರೊಳಗೆ ಮಲಗುವ ಏರ್ಪಾಡು ಮಾಡಿಕೊಡುವವರು ಹುಟ್ಟಿಕೊಂಡರು. ನಮ್ಮಲ್ಲಿಯೂ ಪ್ರವಾಸಿಗಳಿಗೆಂದು ಇಂಥ ಗಾಡಿಗಳು ಕಾಣಿಸಿಕೊಂಡಿವೆ. ೨೦೨೧ರಲ್ಲಿ ಕೇರಳ ಸರಕಾರ ಇದಕ್ಕಾಗಿ ಒಂದು ನೀತಿಯನ್ನೇ ಪ್ರಕಟಿಸಿತು. ಕೋಲಾರದ ಮಾರುಕಟ್ಟೆಗೆ ರಾತ್ರಿ ಹೋಗಿ ಬೆಳಗಿನ ಹರಾಜಿಗೆ ಕಾಯುತ್ತ ಬಾಕ್ಸುಗಳ ಸಂದಿಯಲ್ಲೇ ಮಲಗುವ ನಮ್ಮ ಹುಡುಗರದೂ ಒಂದು ಬಗೆಯ ಮನೆಗಾಡಿಯೇ ಸರಿ, ಒಲೆಯೊಂದಿಲ್ಲ ಅಷ್ಟೆ.

ಈಗ ನಮ್ಮ ಪಾಠಕ್ಕೆ ಬೇಕಾದ ಮಾತು. ಇಂಗ್ಲೆಂಡಿನಲ್ಲಿ ಸಾಮಾನು ಹಂಚುವವರು, ಬಡಗಿಗಳು, ಗಾರೆಯವರು ಎಲ್ಲರೂ ಹೆಚ್ಚಾಗಿ ಕೊಳ್ಳುವುದು ಫೋರ್ಡ್ ಟ್ರಾನ್ಸಿಟ್ ವ್ಯಾನನ್ನು. ೧೯೬೫ರಲ್ಲಿ ಬಂದಾಗಿನಿಂದ ಅಲ್ಲಿ ಅದರದೇ ದೊಡ್ಡ ಹೆಸರು. ಆದರೆ ಮನೆಗಾಡಿ ಕಟ್ಟುವವರು ಬಹುಕಾಲ ಅದನ್ನು ಬಿಟ್ಟು ಇಟಲಿಯ ಫಿಯಾಟ್ ಡುಕಾಟೊ ಎಂಬುದನ್ನೇ ಹುಡುಕಿಕೊಂಡು ಹೋದರು. ಯುರೋಪಿನ ಮನೆಗಾಡಿಗಳಲ್ಲಿ ನಾಲ್ಕಕ್ಕೆ ಮೂರು ತಮ್ಮ ಗಾಡಿಯ ಮೇಲೆ ಕಟ್ಟಿದವು ಎಂದು ಫಿಯಾಟಿನವರು ಹಲವು ವರ್ಷ ಹೇಳಿಕೊಂಡರು. ಹಂಚುವ ಕೆಲಸಕ್ಕೆ ಒಂದು, ಮನೆ ಕಟ್ಟಲು ಇನ್ನೊಂದು ಏಕೆ?

ಡುಕಾಟೊವಿನಲ್ಲಿ ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡ ಅದರ ಹೊಟ್ಟೆಯ ಕೆಳಗೆ ಇಲ್ಲ. ಆದುದರಿಂದ ನೆಲವನ್ನು ತಗ್ಗಾಗಿ ಇಡಬಹುದು. ನೆಲ ತಗ್ಗಾದರೆ ಗಾಡಿಯ ಎತ್ತರ ಹೆಚ್ಚಿಸದೆಯೇ ಒಳಗೆ ನೆಟ್ಟಗೆ ನಿಲ್ಲಬಹುದು. ಗೋಡೆಗಳೂ ಹೆಚ್ಚುಕಡಿಮೆ ನೇರ. ಒಳಗಿನ ಅಗಲ ೧೮೭ ಸೆಂಟಿಮೀಟರು, ಅಂದರೆ ಆರು ಅಡಿಯ ಮೇಲೆ. ಹಾಗಾಗಿ ಹಾಸಿಗೆಯನ್ನು ಅಡ್ಡಲಾಗಿ ಹಾಕಬಹುದು, ಉದ್ದದಲ್ಲಿ ಜಾಗ ಉಳಿಯುತ್ತದೆ. ಜರ್ಮನಿಯ ಮರ್ಸಿಡಿಸ್ ಸ್ಪ್ರಿಂಟರ್ ಬಹಳ ಗಟ್ಟಿ, ಬೆಟ್ಟ ಏರುವಾಗ ಹಿಂದಿನ ಚಕ್ರ ಒದ್ದು ತಳ್ಳುತ್ತದೆ. ಆದರೆ ಅದು ದುಬಾರಿ, ಒಳಗಿನ ಅಗಲವೂ ಅಷ್ಟಿಲ್ಲ. ಮುಂದಿನ ಚಕ್ರ ಎಳೆಯುವ ಗಾಡಿಗೂ ಅದರದೇ ಕೊರತೆ ಉಂಟು: ಹಿಂದೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗಿ, ಒದ್ದೆ ಹುಲ್ಲಿನ ಮೇಲೆ ಸುತ್ತಿದಲ್ಲೇ ಸುತ್ತುತ್ತದೆ. ನಮ್ಮ ಎರೆಮಣ್ಣಿನ ಹಾದಿಯಲ್ಲಿ ಮಳೆಗಾಲಕ್ಕೆ ಏನಾದೀತು ನೀವೇ ಊಹಿಸಿರಿ. ನಮ್ಮ ಪಿಕಪ್ಪುಗಳಲ್ಲಿ ಹಿಂದಿನ ಚಕ್ರವೇ ತಳ್ಳುವಂತೆ ಮಾಡಿರುವುದು ಈ ಕಾರಣಕ್ಕೇ: ಹೇರು ಹಿಂದೆ ಬೀಳುತ್ತದೆ, ಹಿಡಿತವೂ ಅಲ್ಲೇ ಸಿಗುತ್ತದೆ.

ಇನ್ನೊಂದು ಕಾರಣ ಕಾನೂನು. ಅಲ್ಲಿ ಸಾಮಾನ್ಯ ಕಾರು ಲೈಸೆನ್ಸಿನಲ್ಲಿ ೩,೫೦೦ ಕಿಲೋ ಒಟ್ಟು ತೂಕದ ಗಾಡಿಯವರೆಗೆ ಓಡಿಸುವುದು ಬಹುಕಾಲದ ಮಿತಿ. ಆದುದರಿಂದ ಎಲ್ಲರೂ ಮನೆಗಾಡಿಯನ್ನು ಆ ತೂಕದೊಳಗೇ ಕಟ್ಟಿಸಲು ನೋಡುತ್ತಾರೆ. ಮಂಚ, ಕಪಾಟು, ಒಲೆ ಸೇರಿ ಖಾಲಿ ಗಾಡಿಯೇ ೩,೦೦೦ ಕಿಲೋ ತೂಗಿತೆನ್ನಿ, ಉಳಿದದ್ದು ೫೦೦. ಅದರಲ್ಲಿ ನಾಲ್ಕು ಜನ ೩೦೦, ನೂರು ಲೀಟರು ನೀರು ೧೦೦. ಬಟ್ಟೆಬರೆ, ಪಾತ್ರೆಪಗಡ, ಸೈಕಲ್ಲು ಎಲ್ಲವೂ ಉಳಿದ ೧೦೦ ಕಿಲೋದಲ್ಲಿ ಆಗಬೇಕು. ಐಷಾರಾಮಿ ಗಾಡಿಯ ಶ್ರೀಮಂತನೂ ಅಲ್ಲಿ ತಕ್ಕಡಿ ಹಿಡಿದು ಕೂರುತ್ತಾನೆ. ೨೦೨೧ರ ಹೊತ್ತಿಗೆ ಬಿಡಿಭಾಗಗಳ ಕೊರತೆಯಿಂದ ಫಿಯಾಟ್ ಚಾಸಿಗಳು ಸಮಯಕ್ಕೆ ಸಿಗದಾದಾಗ, ಕಟ್ಟುವವರು ಫೋರ್ಡಿನ ಕಡೆಗೂ ಮರ್ಸಿಡಿಸಿನ ಕಡೆಗೂ ತಿರುಗಿದರು. ಹೆಸರು ಎಷ್ಟೇ ದೊಡ್ಡದಿದ್ದರೂ ಬೇಕಾದಾಗ ಸಿಗದಿದ್ದರೆ ಕೊಳ್ಳುವವನು ಕಾಯುವುದಿಲ್ಲ.

ತೂಕದ ಲೆಕ್ಕ

ಈಗ ನಮ್ಮ ಯಜಮಾನರ ಮೋರಿಯ ಬಳಿಗೆ ಹಿಂತಿರುಗೋಣ. ಗಾಡಿಯ ಆರ್.ಸಿ.ಯಲ್ಲಿ ಎರಡು ತೂಕ ಬರೆದಿರುತ್ತಾರೆ: ಹೇರು ಸೇರಿದ ಒಟ್ಟು ತೂಕ ಮತ್ತು ಖಾಲಿ ಗಾಡಿಯ ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಎಷ್ಟು ಹೊರಬಹುದೆಂಬುದು ಸಿಗುತ್ತದೆ. ಒಟ್ಟು ೧,೫೫೦, ಖಾಲಿ ೮೦೦ ಇದ್ದರೆ ಉಳಿಯುವುದು ೭೫೦ ಕಿಲೋ. ಆದರೆ ಇಲ್ಲೊಂದು ಗುಟ್ಟಿದೆ. ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಚಾಲಕನ ತೂಕವೂ ಅವನ ಜೊತೆಗಾರನ ತೂಕವೂ ಸೇರಿರುವುದಿಲ್ಲ. ಇಬ್ಬರದು ೧೩೦ ಕಿಲೋ ಎಂದರೆ ಸರಕಿಗೆ ಉಳಿದದ್ದು ೬೨೦.

ಟೊಮೆಟೊ ಬಾಕ್ಸಿನಲ್ಲಿ ಹಣ್ಣು ೧೫ ಕಿಲೋ, ಬಾಕ್ಸು ಸುಮಾರು ೨ ಕಿಲೋ, ಒಟ್ಟು ೧೭. ಹಾಗಾದರೆ ೬೨೦ ಕಿಲೋಗೆ ೩೬ ಬಾಕ್ಸು. ನಮ್ಮ ಯಜಮಾನರು ಹೇರಿದ್ದು ೭೦. ಅಂದರೆ ಸರಕು ೧,೧೯೦ ಕಿಲೋ, ಜನ ೧೩೦, ಒಟ್ಟು ೧,೩೨೦. ೭೫೦ ಕಿಲೋ ಹೊರುವ ಗಾಡಿಯ ಮೇಲೆ ೫೭೦ ಕಿಲೋ ಹೆಚ್ಚು. ಜೋಡೆತ್ತಿನ ಗಾಡಿಗೆ ಎರಡು ಗಾಡಿಯ ಹೇರು ಕಟ್ಟಿ ಎತ್ತು ಮಂಡಿಯೂರಿತೆಂದು ಎತ್ತನ್ನು ಬೈದಂತಾಯಿತು. ಕಂಪನಿಯ ತಪ್ಪು ಇದರಲ್ಲಿ ನನಗೆ ಕಾಣಲಿಲ್ಲ. ನನ್ನ ತಪ್ಪು ಕಂಡಿತು.

ಅದೇ ೭೦ ಬಾಕ್ಸನ್ನು ೧,೩೦೦ ಕಿಲೋದ ಪಿಕಪ್ಪಿಗೆ ಹೇರಿದ್ದರೆ? ಜನರನ್ನು ಕಳೆದು ೧,೧೭೦; ೬೮ ಬಾಕ್ಸು ಸರಿಹೋಗುತ್ತಿತ್ತು. ೧,೭೦೦ ಕಿಲೋದ್ದಾದರೆ ೯೨. ಹಾಲಿನವರ ಲೆಕ್ಕ ಬೇರೆ: ೪೦ ಲೀಟರಿನ ಕ್ಯಾನಿನಲ್ಲಿ ಹಾಲೇ ೪೧ ಕಿಲೋ, ಕ್ಯಾನು ಸೇರಿ ಸುಮಾರು ೪೮. ಚಿಕ್ಕ ಗಾಡಿಗೆ ೧೨ ಕ್ಯಾನು. ಸೇವಂತಿಗೆ, ಚೆಂಡುಹೂ ಬೆಳೆಗಾರರು ತೂಕಕ್ಕೆ ಹೆದರಬೇಕಿಲ್ಲ. ಅವರಿಗೆ ಬೇಕಾದುದು ಉದ್ದನೆಯ ತೊಟ್ಟಿ ಮತ್ತು ಗಾಳಿ. ರೇಷ್ಮೆಗೂಡು ಕೂಡ ಹಾಗೆಯೇ, ಒತ್ತಿದರೆ ಕೆಡುತ್ತದೆ. ಒಂದೇ ಊರಿನಲ್ಲಿ ಮೂರು ಬೆಳೆಯವರು ಒಂದೇ ಗಾಡಿಯನ್ನು ಒಳ್ಳೆಯದೆಂದೂ ಕೆಟ್ಟದೆಂದೂ ವಾದಿಸುವುದನ್ನು ನಾನು ಕೇಳಿದ್ದೇನೆ. ಮೂವರು ಹೇಳುವುದೂ ನಿಜವೇ.

ಹೆಚ್ಚು ಹೇರಲು ಪಟ್ಟಿ ಸೇರಿಸುವ ಪದ್ಧತಿ ನಮ್ಮಲ್ಲಿದೆ. ಪಟ್ಟಿ ಸೇರಿಸಿದರೆ ಗಾಡಿ ಕೂರುವುದಿಲ್ಲ, ನಿಜ. ಆದರೆ ಅಚ್ಚು, ಬ್ರೇಕು, ಟೈರು ಹಳೆಯವೇ. ಇಳಿಜಾರಿನಲ್ಲಿ ಬ್ರೇಕು ಹಿಡಿಯಬೇಕಾದ ಭಾರ ಹೆಚ್ಚಾಯಿತು, ಹಿಡಿಯುವ ಶಕ್ತಿ ಹೆಚ್ಚಲಿಲ್ಲ. ಜೊತೆಗೆ ೨೦೧೯ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯಿದೆಯಲ್ಲಿ ಅಧಿಕ ಭಾರಕ್ಕೆ ₹೨೦,೦೦೦ ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ₹೨,೦೦೦ ಎಂದು ಬರೆದಿದೆ.

ಇದಕ್ಕಿಂತ ದೊಡ್ಡ ಮಾತು ಜನರದು. ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಬಾಕ್ಸುಗಳ ಮೇಲೆ ಕೂರಿಸಿಕೊಂಡು ಬರುವುದನ್ನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ. ಸರಕಿನ ಒಡೆಯನಿಗೂ ಅವನ ಪರವಾಗಿ ಬರುವವನಿಗೂ ವಿಮೆಯ ರಕ್ಷಣೆ ಉಂಟು. ಸುಮ್ಮನೆ ಹತ್ತಿಸಿಕೊಂಡವರಿಗೆ ಅದು ಇಲ್ಲ. ಗಾಡಿ ಮಗುಚಿದರೆ ಪರಿಹಾರದ ಹೊರೆ ಮಾಲೀಕನ ಜಮೀನಿನ ಮೇಲೆ ಬೀಳಬಹುದು. ಹೋದ ಜೀವವಂತೂ ಯಾರ ದುಡ್ಡಿಗೂ ಬಾರದು. ದಯವಿಟ್ಟು ಹತ್ತಿಸಬೇಡಿ, ಕೇಳಿದರೂ ಹತ್ತಿಸಬೇಡಿ.

ಲೈಸೆನ್ಸಿನ ವಿಷಯದಲ್ಲಿ ಒಂದು ನೆಮ್ಮದಿಯ ಸುದ್ದಿ ಇದೆ. ಲಘು ವಾಹನದ ಲೈಸೆನ್ಸು ಇದ್ದವರು ೭,೫೦೦ ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ೨೦೨೪ರ ನವೆಂಬರಿನಲ್ಲಿ ಹೇಳಿತು. ಹಾಗೆಯೇ ಒಟ್ಟು ತೂಕ ೩,೦೦೦ ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಕಿಲ್ಲ. ಕೊಳ್ಳುವಾಗ ಆ ಗೆರೆಯ ಒಳಗಿದೆಯೇ ಆಚೆ ಇದೆಯೇ ಎಂದು ಕೇಳಿಕೊಳ್ಳಿ. ಎಫ್.ಸಿ. ಮಾತ್ರ ಎಲ್ಲಕ್ಕೂ ಬೇಕು: ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ.

ದುಡ್ಡಿನ ಲೆಕ್ಕ

ಯಾವ ಗಾಡಿ ಎಂದು ಕೇಳುವ ಮೊದಲು ಗಾಡಿ ಬೇಕೇ ಎಂದು ಕೇಳಿಕೊಳ್ಳಬೇಕು. ಯಜಮಾನರೂ ನಾನೂ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಲೆಕ್ಕ ಇದು. ಅಂಕಿಗಳನ್ನು ಲೆಕ್ಕ ಕಲಿಯಲು ಇಟ್ಟಿದ್ದೇವೆ. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ.

ಪಿಕಪ್ಪಿಗೆ ₹೬ ಲಕ್ಷ ಸಾಲ, ನೂರಕ್ಕೆ ೧೦ ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು ₹೧೨,೭೫೦. ವಿಮೆ ವರ್ಷಕ್ಕೆ ₹೩೦,೦೦೦ ಆದರೆ ತಿಂಗಳಿಗೆ ₹೨,೫೦೦. ಟೈರು, ಎಣ್ಣೆ, ರಿಪೇರಿಗೆ ₹೩,೦೦೦ ತೆಗೆದಿಡಬೇಕು. ಡ್ರೈವರಿಗೆ ಸಂಬಳ ₹೧೫,೦೦೦. ಒಟ್ಟು ₹೩೩,೨೫೦. ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ಎತ್ತಿಗಾದರೆ ಕೆಲಸವಿಲ್ಲದ ದಿನ ಹಿಂಡಿ ಕಡಿಮೆ ಹಾಕುತ್ತೇವೆ. ಬ್ಯಾಂಕಿನ ಕಂತಿಗೆ ಆ ಕರುಣೆ ಇಲ್ಲ.

ಮಾರುಕಟ್ಟೆ ೬೦ ಕಿಲೋಮೀಟರು. ಹೋಗಿ ಬರಲು ೧೨೦. ಲೀಟರಿಗೆ ೧೨ ಕಿಲೋಮೀಟರು ಓಡಿದರೆ ೧೦ ಲೀಟರು ಡೀಸೆಲ್, ಲೀಟರಿಗೆ ₹೯೦ ಎಂದರೆ ₹೯೦೦. ಅದೇ ದಾರಿಗೆ ಬಾಡಿಗೆ ಗಾಡಿಯವನು ಕೇಳುವುದು ₹೨,೫೦೦. ಅಂದರೆ ಸ್ವಂತ ಗಾಡಿಯಿಂದ ಒಂದು ಸಲಕ್ಕೆ ಉಳಿಯುವುದು ₹೧,೬೦೦. ₹೩೩,೨೫೦ನ್ನು ₹೧,೬೦೦ ರಿಂದ ಭಾಗಿಸಿದರೆ ೨೧ ಸಲ. ತಿಂಗಳಿಗೆ ೨೧ ಸಲ ಮಾರುಕಟ್ಟೆಗೆ ಹೋಗುವಷ್ಟು ಸರಕು ಇದ್ದರೆ ಮಾತ್ರ ಖರ್ಚು ಹುಟ್ಟುತ್ತದೆ. ಮನೆಯ ಹುಡುಗನೇ ಓಡಿಸಿದರೆ ಡ್ರೈವರಿನ ಸಂಬಳ ಉಳಿದು ೧೨ ಸಲಕ್ಕೆ ಇಳಿಯುತ್ತದೆ. ಆದರೆ ಆ ದಿನಗಳಲ್ಲಿ ಹೊಲದ ಕೆಲಸಕ್ಕೆ ಆ ಹುಡುಗ ಇಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಬಂದವನು ಬೆಳಿಗ್ಗೆ ನೇಗಿಲು ಹಿಡಿಯಲಾರ.

“ನಿಮ್ಮದು ವರ್ಷಕ್ಕೆ ಎಷ್ಟು ಸಲ ಯಜಮಾನರೆ?” ಎಂದೆ. ಅವರು ಬೆರಳು ಮಡಿಚಿ ಎಣಿಸಿದರು. ಎರಡು ಎಕರೆ ಟೊಮೆಟೊ, ಒಂದು ಬೆಳೆಗೆ ಸುಮಾರು ೩೦ ಕೊಯ್ಲು, ವರ್ಷಕ್ಕೆ ಎರಡು ಬೆಳೆ. ೬೦ ಸಲ. ತಿಂಗಳಿಗೆ ೫. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಒಳಗಿನಿಂದ ಅವರ ಹೆಂಡತಿ, “ನಾನು ಅವತ್ತೇ ಹೇಳಿದ್ದೆ, ಬಾಡಿಗೆ ಗಾಡಿ ಸಾಕು ಅಂತ” ಎಂದರು. ಆಕೆ ಲೆಕ್ಕ ಬರೆದಿರಲಿಲ್ಲ, ಬಾಯಲ್ಲೇ ಮಾಡಿದ್ದರು. ಅರ್ಜಿ ತುಂಬುವ ದಿನ ನಾನು ಆಕೆಯನ್ನೂ ಕೇಳಬೇಕಿತ್ತು.

ಆಮೇಲೆ ಹೊಳೆದ ದಾರಿ ಎಂದರೆ ಅಕ್ಕಪಕ್ಕದ ತೋಟಗಳವರು ಒಟ್ಟಾಗುವುದು. ನಾಲ್ಕು ಮನೆಯವರು ಕೊಯ್ಲಿನ ದಿನಗಳನ್ನು ಹೊಂದಿಸಿಕೊಂಡು ಒಬ್ಬರ ನಂತರ ಒಬ್ಬರು ಹೇರಿದರೆ ತಿಂಗಳಿಗೆ ೨೦ ಸಲವಾಗುತ್ತದೆ. ಹಿಂದಿರುಗುವಾಗ ಗೊಬ್ಬರವನ್ನೋ ಪಶು ಆಹಾರವನ್ನೋ ತಂದರೆ ಇನ್ನೂ ಒಳ್ಳೆಯದು. ಅವರ ಚಿಕ್ಕ ಗಾಡಿಯನ್ನು ಮಾರಲಿಲ್ಲ. ಅಚ್ಚು ಹಾಕಿಸಿ, ಈಗ ೩೫ ಬಾಕ್ಸಿನ ಮೇಲೆ ಹೇರುವುದಿಲ್ಲ. ಕೊಯ್ಲು ಹೆಚ್ಚಾದ ದಿನ ಮಿಕ್ಕದ್ದಕ್ಕೆ ಬಾಡಿಗೆ ಪಿಕಪ್ ಕರೆಯುತ್ತಾರೆ. ಉಳಿದ ದಿನಗಳಲ್ಲಿ ಮಗ ಆ ಗಾಡಿಯಲ್ಲಿ ಹೋಬಳಿಯ ಅಂಗಡಿಗಳಿಗೆ ಸಾಮಾನು ಹಂಚುತ್ತಾನೆ. ಆ ಕೆಲಸಕ್ಕೆ ಅದು ನಿಜವಾಗಿಯೂ ಒಳ್ಳೆಯ ಗಾಡಿ. ಕಂತಿನ ಭಾರ ಇನ್ನೂ ಇದೆ, ಪೂರ್ತಿ ನೀಗಿಲ್ಲ, ಹಾಗೆಂದು ಮುಚ್ಚಿಡುವುದಿಲ್ಲ.

ಬ್ಯಾಟರಿ ಗಾಡಿಯ ಬಗ್ಗೆ ಹಲವರು ಕೇಳುತ್ತಿದ್ದೀರಿ. ೨೦೨೨ರಲ್ಲಿ ಬಂದ ಬ್ಯಾಟರಿಯ ಏಸ್ ಗಾಡಿಗೆ ಕಂಪನಿಯವರು ಪ್ರಕಟಿಸಿದ್ದು ೬೦೦ ಕಿಲೋ ಹೇರು, ಒಂದು ಚಾರ್ಜಿಗೆ ೧೫೪ ಕಿಲೋಮೀಟರು. ಅದು ಪರೀಕ್ಷೆಯ ದಾರಿಯ ಲೆಕ್ಕ. ಹೇರು, ಏರು, ಮಳೆ ಇದ್ದಾಗ ಅಷ್ಟು ಬಾರದು. ೧೨೦ ಕಿಲೋಮೀಟರು ಹೋಗಿ ಬರುವ ನಮಗೆ ಅದು ಇಕ್ಕಟ್ಟು. ಹೋಬಳಿಯೊಳಗೆ ದಿನಕ್ಕೆ ೬೦ ಕಿಲೋಮೀಟರು ಹಂಚುವವರಿಗೆ, ರಾತ್ರಿ ಮನೆಯಲ್ಲಿ ಕರೆಂಟು ನೆಚ್ಚಿಕೊಳ್ಳುವಂತಿದ್ದರೆ, ಖಂಡಿತ ಯೋಚಿಸತಕ್ಕದ್ದು.

ಹಳೆಯ ಗಾಡಿ ಕೊಳ್ಳುವವರು ಹಗಲಿನಲ್ಲೇ ನೋಡಬೇಕು. ತೊಟ್ಟಿಯ ಕೆಳಗೆ ಮಲಗಿ ಚಾಸಿಯಲ್ಲಿ ಬೆಸುಗೆ ಹಾಕಿದ ಗುರುತಿದೆಯೇ, ಪಟ್ಟಿ ಹೆಚ್ಚಾಗಿ ಸೇರಿಸಿದ್ದಾರೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಸೇರಿಸಿದ ಪಟ್ಟಿ ಕಂಡರೆ ಆ ಗಾಡಿ ತನ್ನ ಆಯುಷ್ಯವನ್ನು ಹೇರಿನಲ್ಲಿ ಕಳೆದಿದೆ ಎಂದು ತಿಳಿಯಿರಿ. ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ನು ಚಾಲೂ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕೈ ಇಟ್ಟಾಗ ಗೊತ್ತಾಗುತ್ತದೆ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ಷರಾ ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ. ದಂಡ ಬಾಕಿ ಇದೆಯೇ ಎಂಬುದನ್ನು ಗಾಡಿಯ ನಂಬರಿನಿಂದ ಮೊಬೈಲಿನಲ್ಲೇ ನೋಡಬಹುದು. ಊರಿನ ಕಾಲೇಜು ಹುಡುಗರನ್ನು ಕೇಳಿದರೆ ಎರಡು ನಿಮಿಷದ ಕೆಲಸ.

ಗಾಡಿ ಕೊಳ್ಳುವ ಆಲೋಚನೆಯಲ್ಲಿ ಇರುವವರು ಬರುವ ಸಂತೆಯ ದಿನ ಬ್ಲಾಕ್ ಕಚೇರಿಗೆ ಬನ್ನಿ. ಬರುವಾಗ ಹೋದ ಮೂರು ತಿಂಗಳ ಬಾಡಿಗೆ ಚೀಟಿಗಳನ್ನೂ ಮಾರುಕಟ್ಟೆಯ ತೂಕದ ಚೀಟಿಗಳನ್ನೂ ತನ್ನಿ. ಚೀಟಿ ಇಟ್ಟಿಲ್ಲದವರು ಇಂದಿನಿಂದ ಇಡಲು ಆರಂಭಿಸಿ, ಮೂರು ತಿಂಗಳಾದ ಮೇಲೆ ಬನ್ನಿ. ಮನೆಯಲ್ಲಿ ದುಡ್ಡಿನ ಲೆಕ್ಕ ನೋಡುವ ಹೆಂಗಸರನ್ನೂ ಕರೆತನ್ನಿ, ಸೀಮೆಸುಣ್ಣ ನಾನು ತರುತ್ತೇನೆ.